ಅಂಕಿಗೆ ಅರ್ಥವಿತ್ತವರು ಯಾರು?

ಟ್ಯಾರೋ ಎಲೆಗಳ ಅಂಕಿಗಳು ಭವಿಷ್ಯವನ್ನು ನುಡಿಯುತ್ತವೆಂಬ ನಂಬಿಕೆ ಹಲವರದು. ಒಂದು ಆರಂಭ, ನಾಲ್ಕು ಸ್ಥಿರತೆ, ಹತ್ತು ಪೂರ್ಣತೆ ಎಂದು ಅವರು ಅರ್ಥೈಸುತ್ತಾರೆ. ಆದರೆ 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಈ ಎಲೆಗಳು ಹುಟ್ಟಿದ್ದು ಆಟಕ್ಕಾಗಿ. ಅಂದಿನ ವಿಸ್ಕೊಂಟಿ-ಸ್ಫೋರ್ಜಾ ಕಟ್ಟಿನ ಚಿತ್ರದೆಲೆಗಳ ಮೇಲೆ ಅಂಕಿಗಳೇ ಇಲ್ಲ. ಫ್ರಾನ್ಸಿನಲ್ಲಿ ಅವು ಭವಿಷ್ಯದ ಸಾಧನವಾದದ್ದು 18ನೆಯ ಶತಮಾನದಲ್ಲಿ. ಮಾರ್ಸೇಯ್ ಕಟ್ಟಿನಲ್ಲಿ ನ್ಯಾಯಕ್ಕೆ 8, ಬಲಕ್ಕೆ 11; 1909ರ ವೇಟ್-ಸ್ಮಿತ್ ಕಟ್ಟಿನಲ್ಲಿ ಅವೆರಡೂ ಅದಲುಬದಲಾಗಿವೆ. ಅರ್ಥವು ಅಂಕಿಯಲ್ಲಿಯೇ ನೆಲೆಸಿದ್ದರೆ ಮನುಷ್ಯನ ಕೈ ಅದನ್ನು ಹೀಗೆ ಬದಲಿಸಬಲ್ಲುದೇ?

ಎಲೆಯನ್ನು ಮುಂದಿಟ್ಟುಕೊಂಡು ತನ್ನ ಮನಸ್ಸನ್ನು ಶೋಧಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಮದುವೆ, ಮದ್ದು, ಮಕ್ಕಳ ಓದಿನ ನಿರ್ಧಾರವನ್ನು ಎಲೆಗೆ ಒಪ್ಪಿಸುವುದು ಮಾತ್ರ ಅರಿವನ್ನು ಅಡವಿಟ್ಟಂತೆ. ಅಂಕಿಯನ್ನು ಬರೆದವನು ಮನುಷ್ಯ. ಅದಕ್ಕೆ ಅಂಜುವವನೂ ಅವನೇ!