ಪೋಲೀಸರ ಕಣ್ಣಿಗೂ ಒಂದು ಎಲ್ಲೆ ಬೇಡವೆ?

ನಮ್ಮ ಅಂತಿಮ ಬಿ.ಎ. ತರಗತಿಯಲ್ಲಿ ಪೋಲೀಸು ಪರೀಕ್ಷೆಗೆ ಓದದಿರುವವರನ್ನು ಹುಡುಕುವುದು ಕಷ್ಟ. ಬೆಳಗ್ಗೆ ಮೈದಾನದಲ್ಲಿ ಓಡುವವರು, ಮಧ್ಯಾಹ್ನ ಗ್ರಂಥಾಲಯದಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕೂರುವವರು, ಎಲ್ಲರ ಮನಸ್ಸೂ ಸಬ್ ಇನ್ಸ್‌ಪೆಕ್ಟರ್ ಅಥವಾ ಕಾನ್‌ಸ್ಟೇಬಲ್ ಹುದ್ದೆಯ ಮೇಲೆಯೇ. ನಾನೂ ಅವರಲ್ಲೊಬ್ಬ. ಆದುದರಿಂದ ಪೋಲೀಸರನ್ನು ದೂರುವುದಕ್ಕಾಗಿ ಈ ಲೇಖನವನ್ನು ಬರೆದಿದ್ದೇನೆಂದು ಯಾರೂ ಭಾವಿಸಬಾರದು. ನಾಳೆ ಆ ಕುರ್ಚಿಯಲ್ಲಿ ಕೂರಬೇಕೆಂದಿರುವವನೊಬ್ಬ ಆ ಕುರ್ಚಿಯ ಮುಂದಿರುವ ಯಂತ್ರವನ್ನು ಕುರಿತು ಆಡುವ ಮಾತುಗಳಿವು.

ಕಳೆದ ರಜೆಯಲ್ಲಿ ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ಇಂಟರ್ನ್‌ಶಿಪ್ಪಿಗೆಂದು ನನ್ನನ್ನು ನಿವೃತ್ತ ಪೋಲೀಸು ಅಧಿಕಾರಿಯೊಬ್ಬರ ಬಳಿಗೆ ಕಳುಹಿಸಿದರು. ಆರು ವಾರ ಅವರ ಮನೆಯ ಜಗಲಿಯೇ ನನ್ನ ಪಾಠಶಾಲೆಯಾಯಿತು. ಪೋಲೀಸರು ಇಂದು ಬಳಸುವ ಕಣ್ಗಾವಲಿನ ಯಂತ್ರಗಳು ಯಾವುವು, ಕಾನೂನು ಅವಕ್ಕೆ ಹಾಕಿರುವ ಎಲ್ಲೆ ಯಾವುದು, ಇದು ನಮ್ಮ ವಿಷಯ. ಯಂತ್ರಗಳ ಪರಿಚಯವೇ ಮೊದಲಾಗುವುದೆಂದು ನಾನು ಹಿಗ್ಗಿದ್ದೆ. ಅವರು ಬೇರೆಯೇ ಕೆಲಸ ಹಚ್ಚಿದರು.

ಬಸ್ ನಿಲ್ದಾಣದ ಎದುರಿಗೆ ಅವರ ಪರಿಚಯದವರದೊಂದು ಅಂಗಡಿಯಿದೆ. ಅದರ ಕ್ಯಾಮೆರಾಕ್ಕೆ ನಿಲ್ದಾಣದ ಅರ್ಧ ಭಾಗ ಕಾಣುತ್ತದೆ. ಒಂದು ಗಂಟೆ ಆ ಪರದೆಯ ಮುಂದೆ ಕೂತು ಕಂಡದ್ದನ್ನೆಲ್ಲ ಬರೆದು ತರುವಂತೆ ಹೇಳಿದರು. ನಾನು ಎರಡು ಪುಟ ತುಂಬಿಸಿದೆ. ಅದರಲ್ಲೊಂದು ಸಾಲು ಹೀಗಿತ್ತು: ನಮ್ಮ ಕಾಲೇಜಿನ ಒಬ್ಬ ಹುಡುಗಿ ಒಬ್ಬ ಯುವಕನೊಡನೆ ಇಪ್ಪತ್ತು ನಿಮಿಷ ಮಾತಾಡುತ್ತ ನಿಂತಿದ್ದಳು, ಒಂದು ಬಸ್ಸನ್ನೂ ಬಿಟ್ಟಳು. (ಆಕೆಯ ಗುರುತು ಸಿಗದಂತೆ ಇಲ್ಲಿ ವಿವರಗಳನ್ನು ಬದಲಿಸಿದ್ದೇನೆ.)

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಇಲ್ಲಿ ನಡೆದ ಅಪರಾಧ ಯಾವುದಪ್ಪಾ?”

“ಯಾವುದೂ ಇಲ್ಲ, ಸರ್.”

“ಮತ್ತೆ ಯಾಕೆ ಬರೆದೆ?”

“ಕಂಡಿತು, ಬರೆದೆ.”

“ಈ ಹಾಳೆ ಆ ಹುಡುಗಿಯ ಊರಿಗೆ ಹೋದರೆ ಏನಾದೀತು?”

ನಾನು ಉತ್ತರ ಕೊಡಲಿಲ್ಲ. ಏನಾದೀತೆಂಬುದು ನನಗೆ ಗೊತ್ತಿತ್ತು. ಇಷ್ಟೇ ಕಾರಣಕ್ಕೆ ಓದು ನಿಂತುಹೋದ ಹುಡುಗಿಯರನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಅವರು ಹಾಳೆಯನ್ನು ನನ್ನ ಕೈಯಿಂದಲೇ ಹರಿಸಿದರು. “ನಿನ್ನನ್ನು ಅಲ್ಲಿ ಕೂರಿಸಿದ್ದು ನನ್ನ ತಪ್ಪೂ ಹೌದು. ಆದರೆ ಈ ತಪ್ಪು ಎಷ್ಟು ಸುಲಭ ಎಂಬುದು ನಿನಗೆ ತಿಳಿಯಬೇಕಾಗಿತ್ತು” ಎಂದರು. ಆ ದಿನ ನಾನು ಕಲಿತದ್ದು ಒಂದೇ ಮಾತು: ಕಣ್ಣಿಗೆ ಕಾಣುವುದು ಬೇರೆ, ನೋಡುವ ಅಧಿಕಾರ ಬೇರೆ.

ಈ ಭೇದ ನಮ್ಮ ದೇಶದ ನ್ಯಾಯಾಲಯಗಳಿಗೆ ಹೊಸದೇನೂ ಅಲ್ಲ. ಕ್ಯಾಮೆರಾಗಳಿಲ್ಲದ ಕಾಲದಲ್ಲಿಯೇ ಅದು ಚರ್ಚೆಗೆ ಬಂದಿತ್ತು. ಉತ್ತರಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ದರೋಡೆಯ ಪ್ರಕರಣವೊಂದರಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಆದರೂ ಪೋಲೀಸರು ಅವರ ಹೆಸರಿನಲ್ಲಿ ಚರಿತ್ರೆಯ ಕಡತವೊಂದನ್ನು ತೆರೆದರು. ಗುಟ್ಟಾಗಿ ಮನೆಯ ಸುತ್ತ ಕಾಯುವುದು, ರಾತ್ರಿ ಬಾಗಿಲು ಬಡಿಯುವುದು, ಊರು ಬಿಟ್ಟರೆ ಚೌಕಿದಾರನಿಂದ ವರದಿ ತರಿಸುವುದು, ಇವೆಲ್ಲ ಪೋಲೀಸು ನಿಯಮಾವಳಿಯಲ್ಲಿಯೇ ಇದ್ದವು. 1962ರಲ್ಲಿ ಸುಪ್ರೀಂ ಕೋರ್ಟಿನ ಆರು ಮಂದಿ ನ್ಯಾಯಮೂರ್ತಿಗಳ ಪೀಠವು ರಾತ್ರಿಯ ಭೇಟಿಯನ್ನು ಮಾತ್ರ ರದ್ದುಗೊಳಿಸಿ, ಉಳಿದುದನ್ನು ಹಾಗೆಯೇ ಬಿಟ್ಟಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಮತ್ತು ನ್ಯಾಯಮೂರ್ತಿ ಷಾ ಅವರು ಮಾತ್ರ ಆ ನಿಯಮವಿಡೀ ಸಂವಿಧಾನಕ್ಕೆ ವಿರುದ್ಧವೆಂದು ಭಿನ್ನಾಭಿಪ್ರಾಯ ಬರೆದರು.

ಆ ಭಿನ್ನಾಭಿಪ್ರಾಯಕ್ಕೆ ಜಯ ದೊರೆಯಲು 55 ವರ್ಷ ಹಿಡಿಯಿತು. ಅದಕ್ಕೆ ಕಾರಣರಾದವರು ಕನ್ನಡ ನಾಡಿನವರೇ ಎಂಬುದು ನಮಗೆ ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮ ಎಷ್ಟು ಮಂದಿ ಸಹಪಾಠಿಗಳಿಗೆ ಅವರ ಹೆಸರು ಗೊತ್ತು?

ಈ ತೀರ್ಪನ್ನು ನನ್ನ ಮಾರ್ಗದರ್ಶಕರು ಮೂರು ಪ್ರಶ್ನೆಗಳನ್ನಾಗಿ ಮಾಡಿ ನನ್ನ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆಸಿದರು. ಇದಕ್ಕೆ ಕಾನೂನಿನ ಆಧಾರವಿದೆಯೆ? ಇದರ ಉದ್ದೇಶ ನ್ಯಾಯವಾದುದೆ? ಆ ಉದ್ದೇಶಕ್ಕೆ ಬೇಕಾದಷ್ಟೇ ನೋಡುತ್ತಿದ್ದೇವೆಯೆ, ಹೆಚ್ಚೆ? ಮೂರಕ್ಕೂ ಸರಿಯಾದ ಉತ್ತರವಿಲ್ಲದೆ ಸರಕಾರವು ಯಾರ ಖಾಸಗಿ ಬಾಳಿಗೂ ಕೈ ಹಾಕುವಂತಿಲ್ಲ.

ಈ ಪ್ರಶ್ನೆಗಳ ಒರೆಗಲ್ಲಿಗೆ ಇಂದಿನ ಯಂತ್ರಗಳನ್ನು ಹಚ್ಚಿ ನೋಡೋಣ. ಮೊದಲನೆಯದು ಟೆಲಿಫೋನು. ಕದ್ದಾಲಿಕೆಯ ಆರೋಪದಿಂದ 1988ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರೇ ಅಧಿಕಾರ ಬಿಡಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ಗೃಹ ಕಾರ್ಯದರ್ಶಿಯ ಮಟ್ಟದ ಅಧಿಕಾರಿಯ ಲಿಖಿತ ಆಜ್ಞೆ ಬೇಕು, ಅವಧಿ ಎರಡು ತಿಂಗಳು, ಮುಂದುವರಿಸಿದರೂ ಆರು ತಿಂಗಳನ್ನು ಮೀರಕೂಡದು, ಆಜ್ಞೆಯನ್ನು ಪರಿಶೀಲನಾ ಸಮಿತಿಯೊಂದು ನೋಡಬೇಕು. ಇಲ್ಲಿ ಎಲ್ಲೆಯೆಂಬುದು ಕಾಗದದ ಮೇಲಾದರೂ ಸ್ಪಷ್ಟವಾಗಿದೆ.

ಎರಡನೆಯದು ದೇಹದ ಗುರುತು. 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯಿದೆಯು ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆಯ ಗುರುತನ್ನೂ ತೆಗೆದುಕೊಳ್ಳಲು ಅಧಿಕಾರ ಕೊಟ್ಟು, ಆ ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಬಹುದೆಂದಿದೆ. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ನಿರ್ದೋಷಿಯೆನಿಸಿದರೆ, ನ್ಯಾಯಾಲಯ ಬೇರೆ ಹೇಳದಿದ್ದಲ್ಲಿ, ಅವನ ದಾಖಲೆಯನ್ನು ಅಳಿಸಬೇಕೆಂದೂ ಇದೆ. ಆದರೆ ಅಳಿಸಲು ಕೇಳಬಹುದೆಂಬುದೇ ತಿಳಿಯದ ಬಡವನಿಗೆ ಈ ರಕ್ಷಣೆ ಇದ್ದೂ ಇಲ್ಲದಂತೆ.

ಮೂರನೆಯದು ಮುಖ ಗುರುತಿಸುವ ಕ್ಯಾಮೆರಾ. ನಿರ್ಭಯಾ ನಿಧಿಯ ಹಣದಲ್ಲಿ ಸುರಕ್ಷಿತ ನಗರ ಯೋಜನೆಗೆ ಆಯ್ದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಅಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ. ಇವುಗಳಿಂದ ಉಪಕಾರವಿಲ್ಲವೆಂದು ನಾನು ಹೇಳುವುದಿಲ್ಲ. ಕಳೆದುಹೋದ ಮಗುವನ್ನು, ಸರ ಕಿತ್ತು ಓಡಿದವನನ್ನು ಹುಡುಕಲು ಕ್ಯಾಮೆರಾದಂಥ ಸಹಾಯಕ ಮತ್ತೊಂದಿಲ್ಲ. ಆದರೆ ಮುಖ ಗುರುತಿಸುವ ಯಂತ್ರ ಹೇಳುವುದು ‘ಇವನೇ’ ಎಂದಲ್ಲ, ‘ಇವನಿರಬಹುದು’ ಎಂದು. ದೆಹಲಿಯ ಪೋಲೀಸರು ನೂರಕ್ಕೆ 80ರಷ್ಟು ಹೋಲಿಕೆಯಾದರೆ ಸರಿಯಾದ ಗುರುತೆಂದು ಭಾವಿಸುವುದಾಗಿ 2022ರಲ್ಲಿ ಮಾಹಿತಿ ಹಕ್ಕಿನ ಉತ್ತರವೊಂದರಿಂದ ತಿಳಿದುಬಂತು. ಅಮೆರಿಕದ ಡೆಟ್ರಾಯಿಟ್ ಪೋಲೀಸರು 2020ರ ಜನವರಿಯಲ್ಲಿ ಯಂತ್ರದ ಮಾತನ್ನು ನಂಬಿ, ಏನೂ ಮಾಡದ ಒಬ್ಬ ಗೃಹಸ್ಥನನ್ನು ಅವನ ಹೆಂಡತಿ ಮಕ್ಕಳ ಎದುರಿಗೇ ಕೈಕೋಳ ತೊಡಿಸಿ ಕರೆದೊಯ್ದರು. ಅದೇ ವರ್ಷ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯವು ದಕ್ಷಿಣ ವೇಲ್ಸಿನ ಪೋಲೀಸರು ಈ ಯಂತ್ರವನ್ನು ಬಳಸಿದ ರೀತಿ ಕಾನೂನಿಗೆ ವಿರುದ್ಧವೆಂದಿತು. ಯಾರನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಎಂಬುದನ್ನು ಪೋಲೀಸರ ಮರ್ಜಿಗೇ ಬಿಟ್ಟದ್ದು ಅದರ ಮುಖ್ಯ ಆಕ್ಷೇಪಣೆ. ನಮ್ಮಲ್ಲಾದರೋ ಮುಖ ಗುರುತಿಸುವ ಯಂತ್ರಕ್ಕೆಂದೇ ಮಾಡಿದ ಕಾಯಿದೆ ಇಲ್ಲ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಅಪರಾಧಗಳ ತಡೆ ಮತ್ತು ತನಿಖೆಯ ಕೆಲಸಕ್ಕೆ ಅನೇಕ ಹೊಣೆಗಳಿಂದ ವಿನಾಯಿತಿ ಕೊಟ್ಟಿದೆ. ಹೀಗಿರುವಲ್ಲಿ ಮೊದಲನೆಯ ಪ್ರಶ್ನೆಗೇ ಉತ್ತರ ತಡವರಿಸುತ್ತದೆ.

“ತಪ್ಪು ಮಾಡದವನಿಗೆ ಭಯವೇಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ” ಎಂದು ಕೆಲವು ಗೆಳೆಯರು ಹಾಸ್ಯ ಮಾಡಬಹುದು. ನಾನು ಕೇಳುವುದಿಷ್ಟೇ: ಬಸ್ ನಿಲ್ದಾಣದಲ್ಲಿ ಮಾತಾಡುತ್ತ ನಿಂತ ಆ ಹುಡುಗಿ ಯಾವ ಕುಂಬಳಕಾಯಿಯನ್ನು ಕದ್ದಿದ್ದಳು? ತಪ್ಪು ಮಾಡದವನಿಗೂ ಮುಚ್ಚಿಡಬೇಕಾದ ಬಾಳು ಇರುತ್ತದೆ. ಮನೆಗೆ ಬಾಗಿಲಿಡುವುದು ಒಳಗೆ ಕಳ್ಳತನ ನಡೆಯುತ್ತದೆಂದೇ?

ಎಲ್ಲೆ ಹಾಕಿದರೆ ಪೋಲೀಸರ ಕೈ ಕಟ್ಟಿದಂತೆ ಎಂಬ ವಾದವೂ ಉಂಟು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಜಾಮೀನು ಪಡೆದವನು ತಾನಿರುವ ಸ್ಥಳವನ್ನು ಮೊಬೈಲಿನ ನಕಾಶೆಯ ಮೂಲಕ ಸದಾ ಪೋಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದು ಎಂದಿತು. ಅದರಿಂದ ತನಿಖೆಯೇನೂ ನಿಂತುಹೋಗಲಿಲ್ಲ. ಠಾಣೆಗೆ ಬಂದು ಸಹಿ ಹಾಕೆನ್ನಲು, ಊರು ಬಿಡಬೇಡವೆನ್ನಲು ನ್ಯಾಯಾಲಯಕ್ಕೆ ಈಗಲೂ ದಾರಿಯಿದೆ. ಹೊಲಕ್ಕೆ ಬದು ಹಾಕುವುದು ಉಳುವವನನ್ನು ತಡೆಯುವುದಕ್ಕಲ್ಲ. ತನ್ನ ನೇಗಿಲು ಎಲ್ಲಿಯವರೆಗೆ ಹೋಗಬಹುದೆಂದು ಅವನಿಗೆ ತಿಳಿಯಲಿ ಎಂದು.

ಈ ತಿಳುವಳಿಕೆ ನಮಗೆ ಎಲ್ಲಿ ದೊರೆಯುತ್ತದೆ? ಪರೀಕ್ಷೆಯ ಪುಸ್ತಕಗಳಲ್ಲಿ ಪುಟ್ಟಸ್ವಾಮಿ ಮೊಕದ್ದಮೆಯು ಒಂದು ಅಂಕದ ಪ್ರಶ್ನೆ. ಇಸವಿ ಬಾಯಿಪಾಠವಾದರೆ ಮುಗಿಯಿತು. ನನಗೆ ಒಬ್ಬ ಮಾರ್ಗದರ್ಶಕರು ದೊರೆತದ್ದು ಅದೃಷ್ಟ. ಇನ್ನೊಬ್ಬನಿಗೆ ದೊರೆಯದಿರಬಹುದು, ಆದರೆ ಯಂತ್ರದ ಮುಂದೆ ಅವನೂ ಕೂರುತ್ತಾನೆ. ಆದುದರಿಂದ ಮಾನ್ಯ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನ ಬಿನ್ನಹ ಎರಡು. ಪೋಲೀಸು ಪರೀಕ್ಷೆಗೆ ಓದುವವರಿಗಾಗಿ ವಾರಕ್ಕೊಂದು ಗಂಟೆ, ಊರಿನ ವಕೀಲರನ್ನೋ ನಿವೃತ್ತ ಅಧಿಕಾರಿಗಳನ್ನೋ ಕರೆಸಿ ಈ ವಿಷಯದ ಪಾಠ ಹೇಳಿಸಬೇಕು. ನಮ್ಮ ಕಾಲೇಜಿನ ಹೆಬ್ಬಾಗಿಲಿನ ಕ್ಯಾಮೆರಾದ ಚಿತ್ರಗಳನ್ನು ಯಾರು ನೋಡಬಹುದು, ಎಷ್ಟು ದಿನ ಇಡಬಹುದು ಎಂಬುದನ್ನು ಬರೆದು ಸೂಚನಾ ಫಲಕದಲ್ಲಿ ಹಾಕಬೇಕು. ನಮ್ಮ ಬಾಗಿಲಿನಲ್ಲಿಯೇ ಇಲ್ಲದ ಎಲ್ಲೆಯನ್ನು ದೇಶದಲ್ಲಿ ಕೇಳುವುದು ಹೇಗೆ?

ಆ ಹುಡುಗಿ ಈಗಲೂ ಕಾಲೇಜಿಗೆ ಬರುತ್ತಿದ್ದಾಳೆ. ತನ್ನನ್ನು ಕುರಿತು ಒಂದು ಸಾಲು ಬರೆಯಲ್ಪಟ್ಟಿತ್ತೆಂಬುದು ಅವಳಿಗೆ ತಿಳಿಯದು. ನಾನು ಬರೆದದ್ದು ಕಾಗದವಾಗಿತ್ತು, ಹರಿದರೆ ಮುಗಿಯಿತು. ಯಂತ್ರ ಬರೆದಿಟ್ಟದ್ದನ್ನು ಹರಿಯುವವರು ಯಾರು? ಖಾಕಿ ತೊಡುವ ಮೊದಲು ನಾವೆಲ್ಲರೂ ಈ ಪ್ರಶ್ನೆಗೆ ಉತ್ತರ ಹುಡುಕಬೇಕು.