ಗಾಜಿನ ಮನೆಯೂ ಭೂಮಿಯ ಕಂಬಳಿಯೂ

ದೆಹಲಿಯ ಚಳಿಯಲ್ಲಿ ಒಂದು ಮಧ್ಯಾಹ್ನ ನಾವು ಗಾಜು ಹಾಕಿದ ವರಾಂಡದಲ್ಲಿ ಕುಳಿತಿದ್ದೆವು. "ಹೊರಗೆ ನಡುಕ, ಇಲ್ಲಿ ಬೆಚ್ಚಗೆ. ಯಾಕಪ್ಪಾ?" ಎಂದು ಮಗಳು ಕೇಳಿದಳು. ಓದುಗರ ಮನೆಯ ಮಕ್ಕಳೂ ಕೇಳಬಹುದಾದ ಪ್ರಶ್ನೆಯೆಂದು ಈ ಸಲ ಅದನ್ನೇ ಎತ್ತಿಕೊಂಡಿದ್ದೇವೆ.

ಬಿಸಿಲು ಗಾಜನ್ನು ತೂರಿ ಬಂದು ನೆಲವನ್ನು ಕಾಯಿಸುತ್ತದೆ. ನೆಲದಿಂದ ಗಾಳಿ ಕಾಯುತ್ತದೆ. ಬಯಲಿನಲ್ಲಾದರೆ ಕಾದ ಗಾಳಿ ಮೇಲೇರಿ, ತಣ್ಣನೆಯ ಗಾಳಿ ಆ ಜಾಗಕ್ಕೆ ಬರುತ್ತದೆ. ಮುಚ್ಚಿದ ಗಾಜಿನ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ.

ಭೂಮಿಯ ಬಗೆ ಬೇರೆ. ಕಾದ ನೆಲವೂ ಕಡಲೂ ಕಣ್ಣಿಗೆ ಕಾಣದ ಉಷ್ಣಕಿರಣಗಳನ್ನು ಸೂಸುತ್ತವೆ. ಗಾಳಿಯಲ್ಲಿರುವ ನೀರಾವಿ, ಇಂಗಾಲಾಮ್ಲವಾಯು ಮೊದಲಾದವು ಅವನ್ನು ಹೀರಿ, ಒಂದು ಪಾಲನ್ನು ನೆಲಕ್ಕೇ ಮರಳಿಸುತ್ತವೆ. ಊರಿನಿಂದ ತಂದ ಕರಿಕಂಬಳಿ ನಮ್ಮ ಮೈಯ ಕಾವನ್ನು ಹಿಡಿದಿಡುವಂತೆಯೇ ಇದೂ ಎನ್ನಬಹುದು. ಈ ಕಂಬಳಿಯಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು.

ಕಷ್ಟವೆಂದರೆ, ಕಂಬಳಿ ದಪ್ಪವಾಗುತ್ತಿದೆ. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗರ ಅಳತೆ ಆರಂಭವಾದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲಾಮ್ಲವಾಯು ಸುಮಾರು 315 ಪಾಲಿತ್ತು. 2024ರ ಸರಾಸರಿ 420ನ್ನು ಮೀರಿತ್ತು. ಕಲ್ಲಿದ್ದಲು, ಎಣ್ಣೆಗಳನ್ನು ಸುಡುತ್ತಿರುವುದೇ ಮುಖ್ಯ ಕಾರಣ.

ಇಷ್ಟು ಹೇಳುವಷ್ಟರಲ್ಲಿ ವರಾಂಡದಲ್ಲಿ ಸೆಕೆಯಾಗಿ ಮಗಳು ಕಿಟಕಿ ತೆರೆದಳು. "ಭೂಮಿಗೆ ಕಿಟಕಿ ಎಲ್ಲಿದೆ?" ಎಂದಳು. ಇಲ್ಲವೆಂದೆವು. ಅವಳು ಎದ್ದು ಹೋಗಿ, ಒಳಕೋಣೆಯಲ್ಲಿ ಸುಮ್ಮನೆ ಉರಿಯುತ್ತಿದ್ದ ದೀಪವನ್ನು ಆರಿಸಿ ಬಂದಳು. ಹಚ್ಚಿಟ್ಟು ಮರೆತವರು ನಾವೇ.

ನಿಮ್ಮ ಮಕ್ಕಳ ಪ್ರಶ್ನೆಗಳಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳುಹಿಸಿರಿ.