ಮಾರ್ಷಲ್ ದಾಳಿ

ಮಾರ್ಷಲ್ ದಾಳಿ ಎಂಬುದು ಚದುರಂಗದ ರೂಯ್ ಲೋಪೆಜ್ ಆರಂಭದಲ್ಲಿ ಕಪ್ಪು ಪಕ್ಷವು ಒಂದು ಕಾಲಾಳನ್ನು ಬಲಿಕೊಟ್ಟು ಬಿಳಿಯ ರಾಜನ ಮೇಲೆ ನಡೆಸುವ ಆಕ್ರಮಣಕಾರಿ ಕವಲು. ಅಮೆರಿಕದ ಆಟಗಾರ ಫ್ರಾಂಕ್ ಮಾರ್ಷಲ್‌ನಿಂದ ಇದಕ್ಕೆ ಈ ಹೆಸರು ಬಂದಿದೆ. ಇತ್ತೀಚಿನ ದಶಕಗಳಲ್ಲಿ ಇದು ಗೆಲುವಿಗಿಂತ ಹೆಚ್ಚಾಗಿ ಸಮಬಲ ಸಾಧಿಸುವ ಸಾಧನವಾಗಿ ಬಳಕೆಯಲ್ಲಿದೆ.

ದಾಳಿಯ ಸ್ವರೂಪ

ಎರಡೂ ಪಕ್ಷಗಳು ಕೋಟೆ ಕಟ್ಟಿಕೊಂಡ ನಂತರ, ಬಿಳಿಯು 8ನೆಯ ನಡೆಯಲ್ಲಿ ಸಿ3 ಆಡಿದಾಗ, ಕಪ್ಪು ಡಿ5 ನಡೆಯಿಂದ ಕೇಂದ್ರವನ್ನು ತೆರೆಯುತ್ತದೆ. ಡಿ5ರಲ್ಲಿ ಕಾಲಾಳುಗಳ ವಿನಿಮಯವಾದ ಬಳಿಕ ಇ5ರ ಕಾಲಾಳು ಬಿಳಿಯ ವಶವಾಗುತ್ತದೆ. ಆದರೆ ಅಲ್ಲಿ ನಡೆಯುವ ವಿನಿಮಯದಲ್ಲಿ ರಾಜನ ಬದಿಯನ್ನು ಕಾಯುತ್ತಿದ್ದ ಬಿಳಿಯ ಕುದುರೆ ಇಲ್ಲವಾಗುತ್ತದೆ. ರಾಣಿಯ ಬದಿಯ ಆನೆ, ಕುದುರೆ ಮತ್ತು ಒಂಟೆಗಳು ಇನ್ನೂ ಮೂಲಸ್ಥಾನದಲ್ಲೇ ಇರುತ್ತವೆ. ಕಪ್ಪು 11ನೆಯ ನಡೆಯಲ್ಲಿ ಸಿ6 ಆಡಿ ತನ್ನ ಕುದುರೆಗೆ ಆಸರೆ ನೀಡುತ್ತದೆ. ಬಳಿಕ ಒಂಟೆ ಡಿ6ಕ್ಕೂ ರಾಣಿ ಎಚ್4ಕ್ಕೂ ಬಂದು ಎಚ್2ರಲ್ಲಿ ಅಪಾಯ ಒಡ್ಡುತ್ತವೆ. ಬಿಳಿಯು ಜಿ3 ಆಡಿ ತಡೆದರೆ ಎಫ್3 ಮತ್ತು ಎಚ್3 ಮನೆಗಳು ದುರ್ಬಲವಾಗುತ್ತವೆ. ರಾಣಿ ಎಚ್3ರಲ್ಲಿ, ಇನ್ನೊಂದು ಒಂಟೆ ಜಿ4ರಲ್ಲಿ ನೆಲೆಯೂರುತ್ತವೆ.

ಇತಿಹಾಸ

ಮಾರ್ಷಲ್ 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಪಾಬ್ಲಾಂಕಾನ ವಿರುದ್ಧ ಈ ದಾಳಿಯನ್ನು ಪ್ರಯೋಗಿಸಿ ಸೋತನು. ಆ ಪಂದ್ಯದಲ್ಲಿ ಅವನು 11ನೆಯ ನಡೆಯಲ್ಲಿ ಕುದುರೆಯನ್ನು ಎಫ್6ಕ್ಕೆ ಹಿಂತೆಗೆದಿದ್ದನು; ಸಿ6 ನಡೆ ರೂಢಿಗೆ ಬಂದದ್ದು ನಂತರ. ಅವನು ಈ ನಡೆಯನ್ನು ಕಾಪಾಬ್ಲಾಂಕಾನಿಗಾಗಿಯೇ ವರ್ಷಗಟ್ಟಲೆ ಗುಟ್ಟಾಗಿ ಇರಿಸಿದ್ದನೆಂಬ ಪ್ರಸಿದ್ಧ ಕಥೆಯನ್ನು ಇತಿಹಾಸಕಾರರು ಶಂಕಿಸಿದ್ದಾರೆ. 1965ರ ಅಭ್ಯರ್ಥಿಗಳ ಅಂತಿಮ ಪಂದ್ಯಾವಳಿಯಲ್ಲಿ ಬೋರಿಸ್ ಸ್ಪಾಸ್ಕಿ ಇದನ್ನು ತಾಲ್ ವಿರುದ್ಧ ಯಶಸ್ವಿಯಾಗಿ ಬಳಸಿದರು.

ಗಣಕಯಂತ್ರಗಳ ಕಾಲದಲ್ಲಿ

2004ರ ವಿಶ್ವ ಚಾಂಪಿಯನ್‌ಷಿಪ್‌ನ 8ನೆಯ ಪಂದ್ಯದಲ್ಲಿ ಕ್ರಾಮ್ನಿಕ್ ಗಣಕಯಂತ್ರದ ನೆರವಿನಿಂದ ಮೊದಲೇ ಸಿದ್ಧಪಡಿಸಿದ್ದ ಮಾರ್ಗವನ್ನು ಅನುಸರಿಸಿದರು. ಆ ಸಿದ್ಧತೆಯಲ್ಲಿ ತಪ್ಪಿಹೋಗಿದ್ದ ನಡೆಯನ್ನು ಪೀಟರ್ ಲೇಕೊ ಹಲಗೆಯ ಮುಂದೆಯೇ ಕಂಡುಕೊಂಡು ಕಪ್ಪು ಕಾಯಿಗಳಿಂದ ಗೆದ್ದರು. ನಂತರ ಯಂತ್ರಗಳು ಪ್ರಬಲವಾದಂತೆ ವಿಶ್ಲೇಷಣೆ ಇನ್ನಷ್ಟು ಆಳವಾಯಿತು. ಇಂದು ಅನೇಕ ಮಾರ್ಗಗಳಲ್ಲಿ ಕಪ್ಪು ದಾಳಿಯನ್ನು ಕೈಬಿಟ್ಟು, ಒಂದು ಕಾಲಾಳು ಕಡಿಮೆಯಿದ್ದರೂ ಎರಡು ಒಂಟೆಗಳ ಬಲದಿಂದ ಅಂತ್ಯದಾಟವನ್ನು ಡ್ರಾ ಮಾಡಿಕೊಳ್ಳುತ್ತದೆ. ಲೆವೋನ್ ಅರೋನಿಯನ್ ಈ ದಾಳಿಯ ಪ್ರಮುಖ ಪ್ರತಿಪಾದಕರಲ್ಲಿ ಒಬ್ಬರು.

ಬಿಳಿಯ ಆಟಗಾರರು ಸಿ3ರ ಬದಲು ಎ4, ಎಚ್3 ಅಥವಾ ಡಿ3 ಆಡಿ ದಾಳಿಯನ್ನೇ ತಪ್ಪಿಸುವುದುಂಟು. ಇವು ಮಾರ್ಷಲ್-ವಿರೋಧಿ ಕವಲುಗಳು. 2021ರಲ್ಲಿ ದುಬೈನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಪಂದ್ಯದಲ್ಲಿ ನೆಪೊಮ್ನಿಯಾಶಿ ಎಚ್3 ಆಡಿದರು. ಕಾರ್ಲ್‌ಸನ್ ಕುದುರೆಯನ್ನು ಎ5ಕ್ಕೆ ನಡೆಸಿ, ಅಲ್ಲಿಯೂ ಒಂದು ಕಾಲಾಳನ್ನು ಬಿಟ್ಟುಕೊಟ್ಟರು. ಪಂದ್ಯ ಡ್ರಾ ಆಯಿತು. ಹೀಗೆ ಹಲಗೆಯ ಮೇಲೆ ನಡೆಯದಿದ್ದಾಗಲೂ ಈ ದಾಳಿಯು ರೂಯ್ ಲೋಪೆಜ್‌ನ 8ನೆಯ ನಡೆಯ ಆಯ್ಕೆಯನ್ನು ಪ್ರಭಾವಿಸುತ್ತಿದೆ.